ಇಪ್ಪತ್ತೊಂದನೆಯ ತಲೆ

ನಮ್ಮ ಭಾವನವರನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ಊರೆಲ್ಲ ಕರೆಯುವುದು ಜಾಕೆಟ್ ಮೇಷ್ಟ್ರು ಎಂದು. ಪಾಠ ಹೇಳಿದವರೇನಲ್ಲ, ಇಪ್ಪತ್ತಾರು ವರ್ಷದಿಂದ ಹೊಳೆ ದಾಟಿಸುವ ಲಾಂಚು ಓಡಿಸುತ್ತಿದ್ದಾರೆ. ಹತ್ತಿದ ಪ್ರತಿಯೊಬ್ಬರ ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡದೆ ಎಂಜಿನ್ ಶುರು ಮಾಡುವವರಲ್ಲ. "ಇಸ್ತ್ರಿ ಹಾಳಾಗತ್ತೆ ಮೇಷ್ಟ್ರೇ" ಎಂದು ರಾಗ ಎಳೆದವರಿಗೆ, "ಇಸ್ತ್ರಿ ಇನ್ನೊಂದ್ಸಲ ಮಾಡ್ಬಹುದು, ನಿಮ್ಮನ್ನ ಇನ್ನೊಂದ್ಸಲ ಮಾಡಕ್ಕಾಗತ್ತಾ?" ಎನ್ನುತ್ತಾರೆ.

ದಿನಕ್ಕೆ ಹದಿನಾಲ್ಕು ಸಲ ಆ ದಡ, ಈ ದಡ. ಚುಕ್ಕಾಣಿ ನಿಂತೇ ಹಿಡಿಯಬೇಕು. ಮೊಣಕಾಲು ಎರಡೂ ಕೈಕೊಟ್ಟಿವೆ. ಬದಲಿ ಚಾಲಕನನ್ನು ಕಳಿಸುತ್ತೇವೆಂದು ಕಚೇರಿಯವರು ಹೇಳುತ್ತಲೇ ಇದ್ದಾರೆ. ಅವನು ಯಾವ ಲೋಕದಿಂದ ಬರಬೇಕೋ! ನಿವೃತ್ತಿಗೆ ಇನ್ನೆರಡು ವರ್ಷ. ಅಷ್ಟರೊಳಗೆ ಲೈಸೆನ್ಸು ಹೋದರೆ ಪಿಂಚಣಿಯೂ ಹೋದಂತೆಯೇ.

ಆ ಬೆಳಿಗ್ಗೆ ಲೈಸೆನ್ಸು ನವೀಕರಿಸಲು ತನಿಖೆಯ ಸಾಹೇಬರು ಬಂದರು. ದಡದಲ್ಲೇ ನಿಂತು ಜಾಕೆಟ್ಟು, ಹಾರ್ನು, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನೋಡಿ ತಲೆಯಾಡಿಸಿದರು. ಕೊನೆಗೆ ಜನರನ್ನು ಎಣಿಸಿದರು.

"ಇಪ್ಪತ್ತೊಂದು."

"ಇಪ್ಪತ್ತೇ ಸಾರ್," ಎಂದರು ಭಾವ.

"ಮತ್ತೆ ನಿಮ್ಮನ್ನ ಯಾರು ಎಣಿಸ್ತಾರೆ?" ಸಾಹೇಬರು ಚುಕ್ಕಾಣಿಯ ಮೇಲಿನ ಫಲಕ ತೋರಿಸಿದರು. 'ಚಾಲಕ ಸೇರಿ ಇಪ್ಪತ್ತು ಜನ' ಎಂದು ಬರೆದಿತ್ತು.

ಅಯ್ಯೋ, ಆ ಅಕ್ಷರಗಳಿಗೆ ವರ್ಷಕ್ಕೊಮ್ಮೆ ಬಣ್ಣ ಹಚ್ಚುವವರು ಸ್ವತಃ ಭಾವ! ದಡದ ಟಿಕೆಟ್ ಕಿಟಕಿಯಲ್ಲಿ ಕೂತು ಪ್ರತಿ ಟ್ರಿಪ್ಪಿಗೂ ಇಪ್ಪತ್ತು ಟಿಕೆಟ್ ಹರಿದು ಕೊಡುವವಳು ನಾನು. ಇಷ್ಟು ವರ್ಷ ಇಬ್ಬರಿಗೂ ಅವರು ಲೆಕ್ಕಕ್ಕೇ ಬಂದಿರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಕಿವಿ ಬಿಸಿಯಾಯಿತು.

"ಇನ್ನೂ ಹಗ್ಗ ಬಿಚ್ಚಿಲ್ಲ. ಒಬ್ಬರು ಇಳಿದ್ರೆ ಸಹಿ ಹಾಕ್ತೀನಿ. ಹೀಗೇ ಹೊರಟ್ರೆ ಲೈಸೆನ್ಸು ರದ್ದು," ಎಂದರು ಸಾಹೇಬರು.

ಭಾವ ಕೈಮುಗಿದು ಕೇಳಿದರು. ಯಾರೂ ಅಲುಗಲಿಲ್ಲ. ಒಬ್ಬ ಫೋನು ನೋಡಿದ, ಒಬ್ಬಳು ನೀರು ನೋಡಿದಳು. ಶಾಲೆಗೆ ಹೋಗುವ ಕಾಲದಿಂದ ಇದೇ ಲಾಂಚಿನಲ್ಲಿ ಓಡಾಡಿದ ಗುಮಾಸ್ತ, "ನಂಗೆ ಆಫೀಸಿಗೆ ಲೇಟಾಗತ್ತೆ ಮೇಷ್ಟ್ರೇ" ಎಂದ. ಎಂಥ ಜನ, ಥೂ!

ಭಾವ ಎಂಜಿನ್ ಆರಿಸಿದರು. ತಾವೇ ಇಳಿದು ಬಂದು ನನ್ನ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಈಗ ಸರಿಯಾಗಿ ಇಪ್ಪತ್ತು ಜನ. ಹೋಗ್ಬನ್ನಿ."

ಕಾಲು ಚಾಚಿ ಕಣ್ಣು ಮುಚ್ಚಿದರು. ಲಾಂಚಿನಲ್ಲಿ ಗಲಾಟೆಯೆದ್ದಿತು. ಅವರ ಮುಖ ಮಾತ್ರ ಹಗುರಾಗಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಅವರ ಅಂಥ ಮುಖ ನೋಡಿರಲಿಲ್ಲ.

ಹತ್ತು ನಿಮಿಷದ ಮೇಲೆ ಗುಮಾಸ್ತನೇ ಗೊಣಗುತ್ತ ಇಳಿದ. ಸಾಹೇಬರು ಸಹಿ ಹಾಕಿ ಕಾಗದ ನನ್ನ ಕೈಗೆ ಕೊಟ್ಟರು.

"ಬದುಕಿದ್ವಿ ಭಾವ! ಇನ್ನೆರಡು ವರ್ಷ ಯಾರೂ ನಿಮ್ಮನ್ನ ಇಳಿಸಕ್ಕಾಗಲ್ಲ," ಎಂದೆ.

ಭಾವ ಕಣ್ಣು ತೆರೆದು ಕಾಗದ ನೋಡಿದರು.

"ಇನ್ನೂ ಎರಡು ವರ್ಷಾನಾಮ್ಮಾ?" ಎಂದು, ಮೊಣಕಾಲಿಗೆ ಎರಡೂ ಕೈ ಊರಿ ಎದ್ದರು.