ಒರೆಸುವ ಕೈ

ಒಹಾಯೊದ ಆ ಸಣ್ಣ ಊರಿನ ಹೈಸ್ಕೂಲಿನಲ್ಲಿ ಲೋರ್ನಾ ಪ್ರೂಯಿಟ್ ಇಪ್ಪತ್ತಾರು ವರ್ಷದಿಂದ ರೇಖಾಗಣಿತ ಕಲಿಸುತ್ತಿದ್ದರು. ಬಲಗೈ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಎಡಗೈ ಹಿಂದಿನ ಸಾಲನ್ನು ಒರೆಸುತ್ತ ಬರುವುದು ಅವರ ರೂಢಿ.

ಆ ವರ್ಷ ತರಗತಿ ಶುರುವಾದ ದಿನ ಅವರು ನಿಯಮಗಳ ಹಾಳೆ ಹಂಚಿದರು. ಕೈವಾರ ತರಬೇಕು, ಪ್ರತಿ ಹೆಜ್ಜೆಗೂ ಕಾರಣ ಬರೆಯಬೇಕು. ಕೊನೆಯ ಸಾಲು ಮಾತ್ರ ಖಾಲಿ. ಟೀಚರಿಂದ ತಮಗೇನು ಬೇಕೆಂದು ಮಕ್ಕಳೇ ಅಲ್ಲಿ ಬರೆಯಬೇಕು. ಹೆಚ್ಚಿನವರು ಹೋಂವರ್ಕ್ ಬೇಡವೆಂದರು. ಹೋದ ವರ್ಷ ಇದೇ ವಿಷಯದಲ್ಲಿ ಫೇಲಾಗಿದ್ದ ಟೆಸ್, 'ನಾನು ಬರೆದು ಮುಗಿಸುವ ತನಕ ಒರೆಸಬೇಡಿ' ಎಂದು ಬರೆದಿದ್ದಳು.

ಹೋದ ವರ್ಷವೂ ಅವಳಿಗೆ ಕಲಿಸಿದವರು ಲೋರ್ನಾ ಅವರೇ.

ಅಂದಿನಿಂದ ಎಡಗೈಯನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡಿದರು. ಬೋರ್ಡು ತುಂಬಿದರೆ ಟೆಸ್‌ಳ ಪೆನ್ಸಿಲು ನಿಲ್ಲುವವರೆಗೆ ಕಾಯುತ್ತಿದ್ದರು.

"ಟೆಸ್ ಇನ್ನೂ ತ್ರಿಕೋನದೊಳಗೇ ಸಿಕ್ಕೊಂಡಿದಾಳೆ ಮಿಸ್," ಎಂದು ಪಕ್ಕದ ಬೆಂಚಿನ ವೇಡ್ ಛೇಡಿಸುತ್ತಿದ್ದ.

"ಇರ್ಲಿ ಬಿಡೋ. ಮೂರು ಮೂಲೆ ಇದೆ, ನಿಂಗೂ ಒಂದು ಸಿಗತ್ತೆ," ಎನ್ನುತ್ತಿದ್ದರು ಲೋರ್ನಾ.

ಮೇ ತಿಂಗಳ ಕೊನೆಯ ಪಾಠದ ಹೊತ್ತಿಗೆ ಟೆಸ್ ಪಾಸಾಗುವಷ್ಟು ಅಂಕ ಪಡೆದಾಗಿತ್ತು. ಅಂದು ಅವಳೇ ಮೊದಲು ಪೆನ್ಸಿಲು ಕೆಳಗಿಟ್ಟಳು. ಲೋರ್ನಾ ಡಸ್ಟರಿಗೆ ಎಡಗೈ ಚಾಚಿದರು.

"ತಡೀರಿ ಮಿಸ್," ಎಂದಳು ಟೆಸ್. "ವೇಡ್ ಇನ್ನೂ ತ್ರಿಕೋನದೊಳಗೇ ಇದಾನೆ."

ಲೋರ್ನಾ ಕೈಯನ್ನು ಮತ್ತೆ ಜೇಬಿಗೆ ಸೇರಿಸಿದರು.