ಜುಸಾರಾಳ ಚಿತ್ರಕ್ಕೆ ಹೊಲಿದ ಇರ್ಫಾನಾ

ಗದಗಿನ ಇರ್ಫಾನಾ ಐರ್ಲೆಂಡಿನ ಅತ್ಲೋನ್‌ಗೆ ಬಂದಾಗ ಅವರಿಗೆ ನಲವತ್ತಾರು ವರ್ಷ. ಗಂಡ ಶಾಹಬಾಜ್ ಅಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಊರಿನಲ್ಲಿ ಇಪ್ಪತ್ತು ವರ್ಷ ಬಟ್ಟೆ ಹೊಲಿದು, ಓಣಿಯ ಹೆಣ್ಣುಮಕ್ಕಳೆಲ್ಲರ ಅಳತೆ ಬಾಯಿಪಾಠವಿದ್ದ ಇರ್ಫಾನಾಗೆ ಇಲ್ಲಿ ಮಾತಿಗೆ ಜನವಿರಲಿಲ್ಲ. ಇಂಗ್ಲಿಷ್ ಅರ್ಥವಾಗುತ್ತಿತ್ತು, ಆಡಲು ಹಿಂಜರಿಕೆ.

ಪಕ್ಕದ ಮನೆಗೆ ಬ್ರೆಜಿಲ್‌ನ ಜುಸಾರಾ ಬಾಡಿಗೆಗೆ ಬಂದಳು. ಮಾಂಸದ ಕಾರ್ಖಾನೆಯಲ್ಲಿ ದುಡಿಮೆ, ರಜೆ ಸಿಕ್ಕರೆ ಸಿನಿಮಾದ ಹುಚ್ಚು. ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಪೋರ್ಚುಗೀಸ್ ಭಾಷೆಯ ಹೊಸ ಚಿತ್ರ ತೋರಿಸುತ್ತಿದ್ದಳು. ಒಮ್ಮೆ ಬ್ರೆಜಿಲ್‌ನದು, ಒಮ್ಮೆ ಪೋರ್ಚುಗಲ್‌ನದು, ಇನ್ನೊಮ್ಮೆ ಮೊಜಾಂಬಿಕ್‌ನದು. ಒಂದು ಭಾನುವಾರ ಇರ್ಫಾನಾರನ್ನೂ ಕರೆದೊಯ್ದಳು.

ತೆರೆಯ ಕೆಳಗಿನ ಇಂಗ್ಲಿಷ್ ಸಾಲುಗಳು ಓದುವಷ್ಟರಲ್ಲಿ ಮಾಯವಾಗುತ್ತಿದ್ದವು. ಇರ್ಫಾನಾ ಓದುವುದು ಬಿಟ್ಟು ಕಿವಿಗೊಟ್ಟರು. ತೆರೆಯ ಮೇಲೊಬ್ಬ ಮುದುಕಿ ‘ಶಾವಿ, ಶಾವಿ’ ಎನ್ನುತ್ತ ಬೀಗದ ಕೈ ಹುಡುಕಿದಳು. ಆಮೇಲೆ ‘ಬಟಾಟ’ ಎನ್ನುತ್ತ ಆಲೂಗಡ್ಡೆ ಸುಲಿದಳು.

ಚಿತ್ರ ಮುಗಿದ ಮೇಲೆ ಇರ್ಫಾನಾ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮೂರಲ್ಲೂ ಚಾವಿ ಅಂತೀವಿ. ಬಟಾಟಿ ಅಂತೀವಿ.” ಭವನದ ಬಾಗಿಲು ಹಾಕುವವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಇಂಥ ಪದಗಳನ್ನು ಹುಡುಕಿದರು.

ಮುಂದಿನ ವಸಂತದಲ್ಲಿ ಜುಸಾರಾ ಹನ್ನೊಂದು ನಿಮಿಷದ ಕಿರುಚಿತ್ರವೊಂದಕ್ಕೆ ಕೈಹಾಕಿದಳು. ದರ್ಜಿಯಾಗಿದ್ದ ತನ್ನ ತಾಯಿಯ ಕಥೆ. ತಾಯಿ ತೀರಿಕೊಂಡಾಗ ಅವಳಿಗೆ ಊರಿಗೆ ಹೋಗಲಾಗಿರಲಿಲ್ಲ. ತಾಯಿಯ ಮಾತುಗಳನ್ನು ಹಿನ್ನೆಲೆಯಲ್ಲಿ ಓದಲು ಗೆಳತಿಯೊಬ್ಬಳಿದ್ದಳು, ತೆರೆಯ ಮೇಲೆ ಹೊಲಿಯುವವರು ಬೇಕಿತ್ತು. ಇರ್ಫಾನಾರನ್ನು ಕರೆದಳು.

ಇರ್ಫಾನಾ ಗಂಡನನ್ನು ಕೇಳಿದರು. “ಬರೇ ಕೈ ಅಷ್ಟ ತೋರಸ್ತಾಳಂತ್ರಿ. ಮಾರಿ ಕಾಣೂದಿಲ್ಲ.”

“ಕಂಡರ ಏನಾತು?” ಎಂದರು ಶಾಹಬಾಜ್. “ಹೋಗು. ಮಷೀನ್ ನಾ ತಂದು ಕೊಡ್ತೀನಿ.”

ಚಿತ್ರೀಕರಣದ ನಡುವೆ ದಾರ ತುಂಡಾಯಿತು. ಇರ್ಫಾನಾ ಅಭ್ಯಾಸಬಲದಿಂದ ದಾರದ ತುದಿಯನ್ನು ಬಾಯಿಗಿಟ್ಟು, ಹಲ್ಲಿನಿಂದ ಕಡಿದು, ಸೂಜಿಗೆ ಪೋಣಿಸಿದರು. ಕೈಯ ಹಿಂದೆಯೇ ಹೋದ ಕ್ಯಾಮೆರಾದಲ್ಲಿ ಅವರ ಮುಖವೂ ಬಂತು. ಜುಸಾರಾ ಕ್ಯಾಮೆರಾ ಕೆಳಗಿಟ್ಟು ಅತ್ತಳು.

“ಅಮ್ಮ ಹೀಗೇ ಕಡಿಯುತ್ತಿದ್ದಳು. ಆದರೆ ಮುಖ ತೋರಿಸಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೆ. ತೆಗೆದುಬಿಡ್ತೀನಿ.”

ಇರ್ಫಾನಾ ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗೆ ಸರಿಸಿ, “ಬೇಡ, ಇರಲಿ. ಗ್ರ್ಯಾಂಡ್,” ಎಂದು, ಅಲ್ಲಿನವರು ‘ಪರವಾಗಿಲ್ಲ’ ಎನ್ನಲು ಬಳಸುವ ಮಾತನ್ನೇ ಆಡಿದರು.

ಚಿತ್ರ ಮೊದಲು ಅತ್ಲೋನ್‌ನಲ್ಲಿ, ಆಮೇಲೆ ಪೋರ್ಚುಗಲ್‌ನ ಪೋರ್ಟೊದ ಸಣ್ಣ ಉತ್ಸವದಲ್ಲಿ, ಅಲ್ಲಿಂದ ಮುಂದೆ ಮೊಜಾಂಬಿಕ್‌ನ ಮಪುಟೊದಲ್ಲಿ ತೆರೆ ಕಂಡಿತು. ಆ ದರ್ಜಿ ಬ್ರೆಜಿಲ್‌ನ ಯಾವ ಊರಿನವಳೆಂದು ಮಪುಟೊದ ಹೆಂಗಸೊಬ್ಬಳು ಪತ್ರ ಬರೆದು ಕೇಳಿದಳು. ‘ಗದಗ’ ಎಂದು ಜುಸಾರಾ ಉತ್ತರ ಬರೆದಳು.

ಈಗ ಮಂಗಳವಾರ ಸಂಜೆ ಇರ್ಫಾನಾ ಹೊಲಿಗೆ ಕಲಿಸುತ್ತಾರೆ, ಇಂಗ್ಲಿಷಿನಲ್ಲೇ. ಕಳೆದ ರಂಜಾನ್‌ನಲ್ಲಿ ಭೇಟಿಯಾದಾಗ ನನಗೆ ಹೇಳಿದರು: “ಜುಸಾರಾ ನನಗ ಥ್ಯಾಂಕ್ಸ್ ಅಂತಿರ್ತಾಳ. ಈ ಊರಾಗ ನನ್ನ ಹೆಸರು ಹಿಡದು ಕರದಾಕಿ ಮೊದಲು ಆಕಿನ. ಅದನ್ನ ಆಕಿಗೆ ಹೆಂಗ ತಿಳಸಿ ಹೇಳಲಿ?”