ಮಧ್ಯಾಹ್ನದ ಟ್ಯಾಂಕರ್

ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಧೂಳು ಏಳದಂತೆ ನೀರು ಹೊಡೆಯೋ ಟ್ಯಾಂಕರ್ ಓಡಿಸುತ್ತಿದ್ದೆ. ದಿನಕ್ಕೆ ಮೂರು ಸರ್ತಿ ಹೊಡೀಬೇಕು. ಹೆಂಡತಿ ತೀರಿಹೋದ ಮೇಲೆ ಮಧ್ಯಾಹ್ನದ ಸರ್ತಿ ಬಿಟ್ಟು ಆಕಿ ಸಮಾಧಿ ಹತ್ತಿರ ಕುಂತುಬಿಡುತ್ತಿದ್ದೆ. ಡ್ಯೂಟಿ ಬುಕ್ಕಿನಲ್ಲಿ ಮಾತ್ರ ಮೂರು ಸರ್ತಿ ಅಂತ ಬರೆದು ಸೈನ್ ಮಾಡುತ್ತಿದ್ದೆ. ದುಃಖದಲ್ಲಿದ್ದವನಿಗೆ ಅಷ್ಟು ನಡೀತದೆ ಅಂದುಕೊಂಡಿದ್ದೆ.

ಒಂದು ದಿನ ರಸ್ತೆ ಪಕ್ಕದ ಮನೆಯ ಮುದುಕಿ ಟ್ಯಾಂಕರ್ ತಡೆದಳು. ಆಕಿ ಕೈಯಲ್ಲಿದ್ದ ರೊಟ್ಟಿ ಮೇಲೆಲ್ಲ ಕೆಂಪು ಧೂಳು. ಟ್ಯಾಂಕರಿನ ಮುಂದಿನ ಗಾಜಿನ ಮೇಲಿನ ಶಿಲುಬೆ ತೋರಿಸಿ ಕೇಳಿದಳು:

“ಏನಪಾ, ನಿಮ್ಮ ಯೇಸಪ್ಪ ಮಧ್ಯಾಹ್ನ ಮಲಗ್ತಾನೇನು? ಆ ಹೊತ್ನ್ಯಾಗ ನೀನು ನೀರು ಹೊಡಿಯಂಗಿಲ್ಲ, ಧೂಳಿಗೆ ಮೊಮ್ಮಗಳಿಗೆ ಕೆಮ್ಮಿನಾಗ ತುತ್ತು ಇಳಿಯಂಗಿಲ್ಲ.”

ಆ ಶಿಲುಬೆ ಅಂಟಿಸಿದ್ದು ನನ್ನ ಹೆಂಡತಿ.

“ಹೆಂಡ್ತಿ ಸತ್ತಾಳವ್ವಾ. ಆಕಿ ಸಮಾಧಿ ಹತ್ರ ಹೋಗಿ ಕುಂದರ್ತೀನಿ,” ಅಂದೆ.

ಮುದುಕಿ ರೊಟ್ಟಿ ಮೇಲಿನ ಧೂಳನ್ನು ಸೆರಗಿನಿಂದ ಕೊಡವಿದಳು.

“ಕುಂದರಪ್ಪ, ಬ್ಯಾಡ ಅನ್ನಂಗಿಲ್ಲ. ನನ್ನ ಗಂಡನೂ ಹೋಗ್ಯಾನ. ಆದ್ರ ನೀರು ಹೊಡದು ಹೋಗಿ ಕುಂದರು.”

ಟ್ಯಾಂಕರ್ ತಿರುಗಿಸಿ ನೀರು ಹೊಡೆದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಅಳುತ್ತಿದ್ದೆ, ಸುಳ್ಳು ಸೈನಿನ ಬಗ್ಗೆ ಮಾತ್ರ ದೇವರಿಗೆ ಒಂದು ಮಾತೂ ಹೇಳಿರಲಿಲ್ಲ. ಅವತ್ತು ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದೆ.

ಆಮೇಲಿಂದ ಮೂರೂ ಸರ್ತಿ ನೀರು ಹೊಡೆದು ಸಮಾಧಿಗೆ ಹೋಗುವಷ್ಟರಲ್ಲಿ ಸಂಜೆ ಆಗುತ್ತಿತ್ತು. ಯಾಕ ತಡ ಅಂತ ಕೇಳೋಕೆ ಆಕಿ ಇಲ್ಲ. ಇದ್ದಿದ್ದರೆ ಮೊದಲು ಬೈಯುತ್ತಿದ್ದಳು, ಆಮೇಲೆ ಚಹಾ ಕೊಡುತ್ತಿದ್ದಳು.